ಮೂರು ಚುಕ್ಕಿಯ ಹಿಂದಿನ ಕೈ

ನಮ್ಮ ಬಿಲ್ಡಿಂಗಿನ ಮೂರನೇ ಮಾಳಿಗೆಯ ಹುಡುಗಿ ಇಂಜಿನಿಯರಿಂಗ್ ಮುಗಿಸಿ, ಇಂಜಿನ್ನಿನ ಬಿಡಿಭಾಗ ತಯಾರಿಸುವ ಕಂಪನಿಯೊಂದಕ್ಕೆ ಸೇರಿದ್ದಾಳೆ. ಮೊನ್ನೆ ಲಿಫ್ಟಿನ ಹತ್ತಿರ ಸಿಕ್ಕಿದವಳು, "ಅಂಕಲ್, ನಿಮ್ಮ ಟೈಮಲ್ಲಿ ಕಂಪ್ಯೂಟರ್ ಇರ್ಲಿಲ್ಲ ನಾ? ತೋ ಫಿರ್ ಹೇಗೆ ಮಾಡ್ತಿದ್ರಿ?" ಎಂದು ಕೇಳಿದಳು. "ಕೈಯಲ್ಲಿ" ಎಂದೆ. ಅವಳು ನಕ್ಕು ಮೇಲೆ ಹೋದಳು. ನಕ್ಕಿದ್ದರಲ್ಲಿ ಅವಳ ತಪ್ಪೇನಿಲ್ಲ, ನಾನು ಕೊಟ್ಟದ್ದು ಅರ್ಧ ಉತ್ತರ. ಉಳಿದ ಅರ್ಧವನ್ನು ಅವಳಿಗಾಗಿ, ಅವಳಂತೆ ಈಗ ಈ ಕೆಲಸಕ್ಕೆ ಕಾಲಿಡುವವರಿಗಾಗಿ ಬರೆಯುತ್ತಿದ್ದೇನೆ. ನನಗೆ ಯಾವಾಗ ಬಡ್ತಿ ಸಿಕ್ಕಿತು, ಯಾರು ಶಾಲು ಹೊದಿಸಿದರು ಎಂಬುದೆಲ್ಲ ಇದರಲ್ಲಿಲ್ಲ. ಅಂಥದ್ದು ಹೆಚ್ಚೇನೂ ಆಗಲೂ ಇಲ್ಲ.

ನಾನು ಕಾಪು ಕಡೆಯವನು. ಹದಿನಾರರಲ್ಲಿ ಮುಂಬಯಿಯ ಪಾರ್ಲೆಯಲ್ಲಿದ್ದ ಸೋದರಮಾವನ ಹೋಟೆಲಿಗೆ ಬಂದು ಕಪ್ಪು ತೊಳೆಯುತ್ತ, ಕನ್ನಡ ರಾತ್ರಿ ಶಾಲೆಯಲ್ಲಿ ತೂಕಡಿಸುತ್ತ ಮೆಟ್ರಿಕ್ ಮುಗಿಸಿದೆ. ಮಾವ ಗಲ್ಲಾದಲ್ಲಿ ಕೂರಿಸುವ ಯೋಚನೆಯಲ್ಲಿದ್ದರು. ನನಗೋ ಹೋಟೆಲಿನ ಹಿಂದಿನ ಗ್ಯಾರೇಜಿನ ಗ್ರೀಸ್ ವಾಸನೆಯೇ ಮಸಾಲೆ ದೋಸೆಯ ವಾಸನೆಗಿಂತ ಹಿತವಾಗಿತ್ತು. ಅಲ್ಲಿ ಇಲ್ಲಿ ಲೇತ್ ಕಲಿತು, ಅರವತ್ತರ ದಶಕ ಮುಗಿಯುವ ಹೊತ್ತಿಗೆ ಜೋಗೇಶ್ವರಿಯ ಒಂದು ವರ್ಕ್‌ಶಾಪಿಗೆ ಟರ್ನರ್ ಆಗಿ ಸೇರಿದೆ. ಆಗ ನನಗೆ ಇಪ್ಪತ್ತಾರು. ಬೊರಿವಲಿಯಲ್ಲಿ ಊರಿನ ಮೂವರ ಜತೆ ಒಂದು ಖೋಲಿಯಲ್ಲಿ ವಾಸ.

ಆ ಕಾಲದಲ್ಲಿ ಮುಂಬಯಿಯ ರಸ್ತೆಯ ಮೇಲೆ, ಸಮುದ್ರದ ಮೇಲೆ ಓಡುತ್ತಿದ್ದ ಎಷ್ಟೋ ಇಂಜಿನ್ನುಗಳು ಪರದೇಶದವು. ಅವುಗಳ ಬಿಡಿಭಾಗ ತರಿಸಲು ಲೈಸೆನ್ಸ್ ಬೇಕು, ಲೈಸೆನ್ಸ್ ಸಿಗುವಷ್ಟರಲ್ಲಿ ಇಂಜಿನ್ ತುಕ್ಕು ಹಿಡಿದಿರುತ್ತದೆ. ಹಾಗಾಗಿ ಟ್ಯಾಕ್ಸಿಯವರು, ಮೀನುಗಾರಿಕೆ ಬೋಟಿನವರು, ಹಳೆ ಮೋಟಾರಿನ ಪಾರ್ಸಿ ಮುದುಕರು ಸವೆದ ತುಂಡನ್ನು ಕಾಗದದಲ್ಲಿ ಸುತ್ತಿ ತಂದು ನಮ್ಮ ಮೇಜಿನ ಮೇಲಿಡುತ್ತಿದ್ದರು. ನಕ್ಷೆ ಇಲ್ಲ, ಅಳತೆ ಇಲ್ಲ. "ಐಸಾಇಚ್ ಬನಾಕೆ ದೋ", ಇಂಥದ್ದೇ ಮಾಡಿಕೊಡಿ, ಎಂದು ಹೇಳಿ ಹೋಗುತ್ತಿದ್ದರು.

ಹೊರಗಿನವರಿಗೆ ಕಾಣುವುದು ಲೇತ್ ತಿರುಗುವುದು, ಕಬ್ಬಿಣದ ಸುರುಳಿ ಬೀಳುವುದು. ಅದು ಕೆಲಸದ ಕಾಲು ಭಾಗವೂ ಅಲ್ಲ. ಬಂದ ತುಂಡನ್ನು ಸೀಮೆಎಣ್ಣೆಯಲ್ಲಿ ತೊಳೆದು ಎಲ್ಲಿ ಸವೆದಿದೆ, ಯಾಕೆ ಸವೆದಿದೆ ಎಂದು ನೋಡಬೇಕು. ಹುಟ್ಟಿದಾಗ ಅದರ ಅಳತೆ ಎಷ್ಟಿದ್ದೀತೆಂದು ಲೆಕ್ಕ ಹಾಕಬೇಕು. ಯಾವ ಲೋಹವೆಂದು ಉಜ್ಜಿ ಕಿಡಿ ನೋಡಿ ಹೇಳಬೇಕು. ಹತ್ಯಾರದ ಮೊನೆಯನ್ನು ಕೈಯಲ್ಲೇ ಮಸೆಯಬೇಕು. ಬಿಸಿಯಾದ ಮಾಲು ಆರುವವರೆಗೆ ಕೈ ಕಟ್ಟಿ ಕೂರಬೇಕು, ಬಿಸಿಯಲ್ಲಿ ಅಳೆದರೆ ಅಳತೆ ಸುಳ್ಳು ಹೇಳುತ್ತದೆ. ಇಷ್ಟನ್ನೂ ನನಗೆ ಕಲಿಸಿದವರು ಲಿಂಗಪ್ಪ ಮೇಸ್ತ್ರಿ.

ಮೇಸ್ತ್ರಿ ಗದಗದ ಕಡೆಯವರು. ಐವತ್ತರ ಮೇಲಿನ ವಯಸ್ಸು, ಹಣೆಗೆ ವಿಭೂತಿ, ತಲೆಗೆ ಎಣ್ಣೆ ಕುಡಿದ ಬಿಳಿ ಟೋಪಿ. ಬಟ್ಟೆ ಗಿರಣಿಯೊಂದರ ರಿಪೇರಿ ಖಾತೆಯಲ್ಲಿ ಕೆಲಸ ಕಲಿತು ಈ ವರ್ಕ್‌ಶಾಪಿಗೆ ಬಂದವರು. ಮಾಲಕ ಗುಜರಾತಿ ಶೇಠ್. ಯಾರನ್ನು ಬೈದರೂ ಮೇಸ್ತ್ರಿಯನ್ನು ಬೈಯುತ್ತಿರಲಿಲ್ಲ. ಬೇರೆಯವರು ಮಾಡಿದ ಮಾಲನ್ನು ಅಳೆದು ನೋಡಿಯೇ ಗಿರಾಕಿಗೆ ಕೊಡುತ್ತಿದ್ದದ್ದು. ಮೇಸ್ತ್ರಿಯದ್ದಾದರೆ, "ಲಿಂಗಪ್ಪಾ ಕಾ ಮಾಲ್ ದೇಖನೇ ಕಾ ನಹೀ" ಎಂದು ಶೇಠ್ ನೇರವಾಗಿ ಪೆಟ್ಟಿಗೆ ಕಟ್ಟಿಸುತ್ತಿದ್ದ.

ಸೇರಿದ ಮೊದಲ ತಿಂಗಳಲ್ಲೇ ನಾನು ಒಂದು ದೊಡ್ಡ ಎಡವಟ್ಟು ಮಾಡಿದೆ. ಹಳೆ ಮೋಟಾರಿನ ಪಿಸ್ಟನ್ ಪಿನ್ನು ಕೂರುವ ಬುಶ್ ಎಂಬ ಲೋಹದ ಬಳೆ ಬಂದಿತ್ತು. ಅದನ್ನು ಒಳಗೂ ಹೊರಗೂ ಹತ್ತು ಸಲ ಅಳೆದು, ತದ್ರೂಪ ಇನ್ನೊಂದು ಮಾಡಿ ಮೇಸ್ತ್ರಿಯ ಮುಂದೆ ಎದೆಯುಬ್ಬಿಸಿ ನಿಂತೆ. ಅವರು ಬೆರಳು ತೂರಿಸಿ ನೋಡಿ ನಕ್ಕರು.

"ಏನೋ ತಮ್ಮಾ, ಸತ್ತಾವನ ಫೋಟೋ ತಗದೀಯಲ್ಲೋ! ನಾ ಅವನ್ನ ಬದುಕಿಸಿ ತಾ ಅಂದಿದ್ನಿ."

"ಸ್ಯಾಂಪಲ್ ಹಾಗೆಯೇ ಉಂಟಲ್ಲ ಮೇಸ್ತ್ರಿ?"

"ಸ್ಯಾಂಪಲ್ ಸವದು ಹಂಗಾಗೇತಿ. ಹುಟ್ಟಿದಾಗ ಹ್ಯಾಂಗಿದ್ದಿ ಅಂತ ಕೇಳಿದೇನು ಅದನ್ನ?"

ನಾನು ಸವೆತವನ್ನೂ ಸೇರಿಸಿ ನಕಲು ಮಾಡಿದ್ದೆ. ಪಿನ್ನು ಮುಟ್ಟದ ಅಂಚಿನಲ್ಲಿ, ಕೂದಲಗಲದ ಜಾಗದಲ್ಲಿ, ಮೂಲ ಅಳತೆ ಹಾಗೇ ಉಳಿದಿರುತ್ತದೆ ಎಂದು ಅವತ್ತು ತೋರಿಸಿದರು. ಆಮೇಲೆ ಎದ್ದು ನೇರ ಶೇಠನ ಕ್ಯಾಬಿನ್ನಿಗೆ ಹೋಗಿ, "ಗಲ್ತೀ ಹಮಾರಾ ಹೈ ಶೇಠ್, ಮಾಲ್ ಕಲ್ ಮಿಲೇಗಾ" ಎಂದು ತಪ್ಪನ್ನು ತಮ್ಮ ಮೇಲೆ ಹಾಕಿಕೊಂಡರು. ಹೊರಗೆ ಬಂದು ನನಗೆ, "ತಪ್ಪು ಮಾಡಾಕ ನಾಚಬ್ಯಾಡ. ಮುಚ್ಚಾಕ ನಾಚು" ಎಂದು ಹೇಳಿ ತಂಬಾಕು ತಿಕ್ಕತೊಡಗಿದರು. ಈ ಮಾತನ್ನು ನಾನು ಎಷ್ಟು ಸಲ ಬೇರೆಯವರಿಗೆ ಹೇಳಿದ್ದೇನೋ ಲೆಕ್ಕವಿಲ್ಲ. ಪಾಲಿಸಿದ್ದೆಷ್ಟು ಎಂಬುದನ್ನು ಮುಂದೆ ಬರೆಯುತ್ತೇನೆ.

ನಮ್ಮಲ್ಲಿ ಒಂದು ರೂಢಿಯಿತ್ತು. ಮಾಲು ಮುಗಿದ ಮೇಲೆ, ಕೆಲಸಕ್ಕೆ ಬಾರದ ಒಳಬದಿಯಲ್ಲಿ ಪಂಚ್ ಇಟ್ಟು ಮಾಡಿದವರು ತಮ್ಮ ಚುಕ್ಕಿ ಹೊಡೆಯಬೇಕು. ಮೇಸ್ತ್ರಿಗೆ ಮೂರು ಚುಕ್ಕಿ, ಗ್ರೈಂಡಿಂಗ್ ಮಾಡುವ ಪಾಂಡುವಿಗೆ ಎರಡು, ನನಗೆ ಒಂದು. ಒಬ್ಬರ ಮಾಲಿಗೆ ಇನ್ನೊಬ್ಬರು ಕೈ ಹಾಕಿದರೆ ಪಕ್ಕದಲ್ಲಿ ತಮ್ಮ ಚುಕ್ಕಿಯನ್ನೂ ಹೊಡೆಯಲೇಬೇಕು. "ಮಾಲು ತಿರುಗಿ ಬಂದ್ರ ಯಾರನ್ನ ಕೇಳಬೇಕು ಅಂತ ಗೊತ್ತಿರಬೇಕಲಾ" ಎನ್ನುತ್ತಿದ್ದರು ಮೇಸ್ತ್ರಿ. ಗಿರಾಕಿಗೆ ಈ ಚುಕ್ಕಿಗಳ ಸುದ್ದಿ ಗೊತ್ತಿರಲಿಲ್ಲ. ಇಂಜಿನ್ ಬಿಚ್ಚಿದವನಿಗೂ ಅದು ಕಾಣುವುದು ಅಪರೂಪ.

ಎಪ್ಪತ್ತರ ದಶಕ ಶುರುವಾದ ಮೇಲೆ ನಮ್ಮ ಕೆಲಸದ ರೀತಿ ಬದಲಾಗತೊಡಗಿತು. ಇಂಚು ಹೋಗಿ ಮಿಲಿಮೀಟರ್ ಬಂತು. ಸಿಲಿಂಡರಿನ ಒಳಗಿನ ಅಗಲ ನೋಡಲು ಶೇಠ್ ಗಡಿಯಾರದಂಥ ಮುಖವಿರುವ ಹೊಸ ಗೇಜು ತಂದ. ಮುಳ್ಳು ಎಷ್ಟು ಅಲ್ಲಾಡಿತೆಂದು ನೋಡಿದರಾಯಿತು. ನಾವೆಲ್ಲ ಹೊಸ ಆಟಿಕೆ ಸಿಕ್ಕವರಂತೆ ಸರದಿಯಲ್ಲಿ ನಿಂತೆವು. ಮೇಸ್ತ್ರಿ ಮಾತ್ರ ಮುಟ್ಟಲಿಲ್ಲ. "ಗಡಿಯಾರ ನಂಬಿ ಕೆಲಸ ಮಾಡಾಂವ ನಾ ಅಲ್ಲ" ಎಂದು ಹಳೆ ಕ್ಯಾಲಿಪರನ್ನೇ ಹಿಡಿದರು. ಅಜ್ಜನ ಹಟ ಎಂದು ನಾನೂ ಪಾಂಡುವೂ ಹಿಂದಿನಿಂದ ನಗಾಡಿದೆವು. ಅವರಿಗೆ ಆ ಮುಳ್ಳು ಕಾಣುತ್ತಿರಲಿಲ್ಲ ಎಂಬುದು ನಮ್ಮ ಮಂಡೆಗೆ ಹೊಳೆಯಲಿಲ್ಲ.

ನನಗೆ ಗೊತ್ತಾದದ್ದು ಒಂದು ದೀಪಾವಳಿಯ ಹಿಂದಿನ ವಾರ. ಬೊರಿವಲಿಯಿಂದ ಬರುವ ಲೋಕಲಿನಲ್ಲಿ ಉಸಿರಾಡಲು ಜಾಗ ಬೇಕೆಂದು ನಾನು ಬೇಗ ಹೊರಟು ಏಳು ಗಂಟೆಗೇ ವರ್ಕ್‌ಶಾಪ್ ತಲುಪುತ್ತಿದ್ದೆ. ಉಳಿದವರು ಬರುವುದು ಎಂಟೂವರೆಗೆ. ಅವತ್ತು ಮೇಸ್ತ್ರಿ ಹಿಂದಿನ ದಿನ ಮುಗಿಸಿಟ್ಟ ಪಿಸ್ಟನ್ನನ್ನು ಸುಮ್ಮನೆ, ಕಲಿಯುವ ಆಸೆಯಿಂದ, ಅಳೆದು ನೋಡಿದೆ. ಆರು ಥೌ ಹೆಚ್ಚಿತ್ತು. ಮಿಲಿಮೀಟರ್ ಬಂದಿದ್ದರೂ ಹಳೆ ಇಂಜಿನ್ನುಗಳ ಲೆಕ್ಕ ಇನ್ನೂ ಇಂಚಿನಲ್ಲೇ ಇತ್ತು, ಇಂಚಿನ ಸಾವಿರದಲ್ಲೊಂದು ಪಾಲಿಗೆ ನಾವು ಥೌ ಎನ್ನುತ್ತಿದ್ದೆವು. ತಲೆಗೂದಲು ಎರಡು ಮೂರು ಥೌ ದಪ್ಪ. ಆರು ಥೌ ಹೆಚ್ಚಿರುವ ಪಿಸ್ಟನ್ ಸಿಲಿಂಡರಿಗೆ ಇಳಿಯುವುದೇ ಇಲ್ಲ. ನನ್ನ ಮೈಕ್ರೋಮೀಟರೇ ಕೆಟ್ಟಿದೆಯೆಂದುಕೊಂಡು ಪಾಂಡುವಿನದ್ದನ್ನು ತೆಗೆದು ನೋಡಿದೆ. ಅದೂ ಆರೇ ಹೇಳಿತು.

ಆ ವಾರವಿಡೀ ಅವರ ಮಾಲನ್ನು ಕದ್ದು ಅಳೆದೆ. ಎಲ್ಲದರಲ್ಲೂ ಲೋಹ ಹೆಚ್ಚು ಉಳಿದಿತ್ತು. ಅವರು ಅಳತೆಯ ಗೆರೆ ಕಾಣದೆ ಲೇತಿನ ಹಿಡಿಕೆಯ ಸುತ್ತು ಎಣಿಸಿಕೊಂಡು ಅಂದಾಜಿನಲ್ಲಿ ಕೊರೆಯುತ್ತಿದ್ದರು. ಹೆಚ್ಚು ತೆಗೆದರೆ ಮತ್ತೆ ಅಂಟಿಸಲಾಗದೆಂಬ ಹೆದರಿಕೆಯಿಂದ ಮೊದಲೇ ನಿಲ್ಲಿಸುತ್ತಿದ್ದರು.

ಆ ಮೊದಲ ಬೆಳಗ್ಗೆಯೇ ಹೇಳಬೇಕಾಗಿತ್ತು. ಮೇಸ್ತ್ರಿ, ನಿಮ್ಮ ಮಾಲು ಆರು ಥೌ ಹೆಚ್ಚು ಬಂದಿದೆ, ಇಷ್ಟೇ ಮಾತು. ನಾನು ಹೇಳಲಿಲ್ಲ. ಪಿಸ್ಟನ್ನನ್ನು ನನ್ನ ಲೇತಿಗೆ ಕಟ್ಟಿ, ಆರು ಥೌ ತೆಗೆದು, ಒರೆಸಿ, ಇದ್ದಲ್ಲೇ ಇಟ್ಟೆ. ಒಮ್ಮೆ ಬಿಚ್ಚಿದ ಮಾಲನ್ನು ಮತ್ತೆ ಕಟ್ಟಿ ಅದರ ಸರಿಯಾದ ನಡುಬಿಂದು ಹಿಡಿಯುವುದು ಹೊಸದು ಮಾಡುವುದಕ್ಕಿಂತ ಕಷ್ಟದ ಕೆಲಸ. ಮುಗಿಸಿದಾಗ ಬೆವರಿಳಿಯುತ್ತಿತ್ತು. ಒಳಬದಿಯಲ್ಲಿ ಮೂರು ಚುಕ್ಕಿ ಮಾತ್ರ ಇತ್ತು. ನನ್ನದನ್ನು ನಾನು ಹೊಡೆಯಲಿಲ್ಲ.

ಅಂದಿನಿಂದ ಅದೇ ನನ್ನ ಬೆಳಗಿನ ಪೂಜೆಯಾಯಿತು. ಏಳರಿಂದ ಎಂಟರವರೆಗೆ ಮೇಸ್ತ್ರಿಯ ಮಾಲು ತಿದ್ದುವುದು, ಸುರುಳಿ ಗುಡಿಸುವುದು, ಎಂಟೂವರೆಗೆ "ಬಂದಿರಾ ಮೇಸ್ತ್ರಿ" ಎಂದು ಚಹಾ ತರಿಸುವುದು. ಒಂದು ವರ್ಷದ ಮೇಲೂ ನಡೆಯಿತು. ಒಂದೇ ಒಂದು ಮಾಲು ತಿರುಗಿ ಬರಲಿಲ್ಲ.

ಯಾಕೆ ಮಾಡಿದೆ ಎಂದು ನೀವು ಕೇಳಬಹುದು. ಪ್ರೀತಿಯಿಂದ ಎಂದು ಬರೆದರೆ ಚಂದ ಕಾಣುತ್ತದೆ, ಸುಳ್ಳೂ ಅಲ್ಲ. ಕಣ್ಣು ಕಾಣದ ಟರ್ನರನಿಗೆ ಆ ಊರಿನಲ್ಲಿ ಎಲ್ಲಿ ಜಾಗ? ಆದರೆ ಪೂರ್ತಿ ನಿಜ ಬರೆಯುವುದಾದರೆ ಅದರಲ್ಲಿ ಒಂದು ಚಿಟಿಕೆ ಅಹಂಕಾರವೂ ಇತ್ತು. ಶೇಠ್ ಅಳೆಯದೆ ಕಳಿಸುವ ಮಾಲು ನನ್ನ ಕೈಯಿಂದ ಹೋಗುತ್ತಿದೆ ಎಂಬ ಗುಟ್ಟಿನ ಖುಷಿ. ಲೋಕಲಿನಲ್ಲಿ ನೇತಾಡುತ್ತ ಅದನ್ನು ನೆನೆದು ಒಬ್ಬನೇ ನಗುತ್ತಿದ್ದೆ. ಈಗ ನೆನೆದರೆ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ.

ಆಮೇಲೆ ತಂಗಿಯ ಮದುವೆ ಬಂತು. ಹದಿನೈದು ದಿನದ ರಜೆ. ಹೋಗುವ ಮುಂಚೆ ಪೆಟ್ಟಿಗೆಯಲ್ಲಿದ್ದದ್ದನ್ನೆಲ್ಲ ತಿದ್ದಿಟ್ಟೆ. ಪಾಂಡುವಿಗೆ ಗುಟ್ಟು ಹೇಳಿ ಹೋಗೋಣವೇ ಎಂದು ಎರಡು ಸಲ ಬಾಯಿ ತೆರೆದು ಮುಚ್ಚಿದೆ. ಹದಿನೈದು ದಿನದಲ್ಲಿ ಎಂತ ಆದೀತು ಎಂದುಕೊಂಡು ಉಡುಪಿ ಬಸ್ಸು ಹತ್ತಿದೆ.

ತಿರುಗಿ ಬಂದ ದಿನ ಮಧ್ಯಾಹ್ನದ ಊಟದ ಹೊತ್ತಿಗೆ ಮೇಸ್ತ್ರಿ ನನ್ನನ್ನು ಕರೆದರು. ಅವರ ಮುಂದೆ ಬೆಂಚಿನ ಮೇಲೆ ಮೂರು ತುಂಡುಗಳಿದ್ದವು. ಎರಡು ಪಿಸ್ಟನ್, ಒಂದು ಬೋಟಿನ ಸಿಲಿಂಡರ್ ಲೈನರ್, ಸಿಲಿಂಡರಿನೊಳಗೆ ಬಿಗಿಯಾಗಿ ಕೂರುವ ಕೊಳವೆ. ಲೈನರ್ ಉದ್ದಕ್ಕೆ ಸೀಳಿತ್ತು. ಒಳಗೆ ಇಳಿಯದ್ದನ್ನು ವೆರ್ಸೋವಾದ ಬೋಟಿನವರು ಸುತ್ತಿಗೆಯಿಂದ ಬಡಿದಿದ್ದರು.

"ಕೂಡ್ರು ತಮ್ಮಾ. ಲಗ್ನ ಛಲೋತ್ನಂಗ ಆತಿಲ್ಲೋ?"

"ಆಯ್ತು ಮೇಸ್ತ್ರಿ."

"ಈ ಮೂರೂ ತಿರುಗಿ ಬಂದಾವ. ನೀ ಊರಿಗೆ ಹೋದ ಮ್ಯಾಲ ಮಾಡಿದ್ವು. ನೀ ಇದ್ದಾಗ ಒಂದೂ ಬಂದಿಲ್ಲ." ಅವರು ನನ್ನ ಮುಖವಿರುವ ಕಡೆ ನೋಡಿದರು. "ಎಷ್ಟ ದಿನದಿಂದ?"

"ಹೋದ ವರ್ಷದ ದೀಪಾವಳಿಯಿಂದ" ಎಂದೆ.

ಅವರು ಬೆರಳು ಮಡಚಿ ತಿಂಗಳು ಎಣಿಸಿದರು. ಒಂದು ಕೈ ಮುಗಿದು ಇನ್ನೊಂದು ಕೈಗೆ ಹೋಯಿತು, ಅದೂ ಮುಗಿಯಿತು.

"ನಿನ್ನ ಚುಕ್ಕಿ ಯಾಕ ಹೊಡೀಲಿಲ್ಲ?"

"ನಿಮಗೆ ಬೇಜಾರಾಗ್ತದೆ ಅಂತ ಮೇಸ್ತ್ರಿ."

"ಬ್ಯಾಸರಾ ಮಾಡ್ಕೊಳ್ಳೋದು ಬಿಡೋದು ನನ್ನ ಕೆಲಸಪಾ. ಅದನ್ನ ನೀ ಯಾಕ ಮಾಡಿದಿ?"

ಅವರು ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ. ಎದ್ದು ಶೇಠನ ಕ್ಯಾಬಿನ್ನಿಗೆ ಹೋದರು, ಗೋಡೆಗೆ ಕೈ ತಾಗಿಸಿಕೊಂಡು. ಮೂರೂ ಮಾಲು ತನ್ನ ತಪ್ಪು, ಕಣ್ಣು ಕಾಣುತ್ತಿಲ್ಲ ಎಂದು ಹೇಳಿ ಬಂದರು. ನನ್ನ ಹೆಸರು ಅಲ್ಲಿ ತೆಗೆಯಲಿಲ್ಲ.

ಸಂಜೆ ಅವರನ್ನು ಬಿಡಲು ಚಾಳಿನವರೆಗೆ ಹೋದೆ. ಅವರ ಹೆಂಡತಿ ನೀಲವ್ವನವರು ಬಾಗಿಲಲ್ಲೇ ನಿಂತಿದ್ದರು. ಮೇಸ್ತ್ರಿ ಒಳಗೆ ಹೋಗಿ ಗೋಡೆಗೆ ಮುಖ ಮಾಡಿ ಮಲಗಿದರು. ನಾನು ನಡೆದದ್ದನ್ನೆಲ್ಲ ನೀಲವ್ವನವರಿಗೆ ಹೇಳಿದೆ. ಆಕೆ ಹೀಗೆಂದರು:

"ಒಂದ ವರ್ಷದಿಂದ ದವಾಖಾನಿಗೆ ನಡೀರಿ ಅಂತ ಬಡ್ಕೊಂಡೀನಪಾ. ತುಂಬಿದ ಕೊಡ ಕಾಣದ ಎಡವಿ ಬಿದ್ರು. ಕೇಳಿದ್ರ, 'ಪೊರಿ ಬಂದಿರಬೇಕು, ಹಣ್ಣಾಗಲಿ ತಡಿ. ಕಣ್ಣು ಅಷ್ಟ ಕೆಟ್ಟಿದ್ರ ಮಾಲು ತಿರುಗಿ ಬರತಿದ್ದಿಲ್ಲೇನು?' ಅಂತಿದ್ರು. ಒಂದರೆ ಮಾಲು ತಿರುಗಿ ಬರಲಿ ನಮ್ಮಪ್ಪಾ ಅಂತ ನಾನ ದೇವರಿಗೆ ಬೇಡಿಕೊಂಡಿದ್ನಿ."

ಆ ಮಾತು ಕೇಳಿದ ಮೇಲೆ ನನಗೆ ಅಲ್ಲಿ ನಿಲ್ಲಲಾಗಲಿಲ್ಲ. ಚಾಳಿನ ನಳದ ಹತ್ತಿರ ಹೋಗಿ ಮುಖ ತೊಳೆದೆ, ಮತ್ತೆ ಮತ್ತೆ ತೊಳೆದೆ. ಮೇಸ್ತ್ರಿಗೆ ತನ್ನ ಕಣ್ಣು ಹೇಗಿದೆಯೆಂದು ತಿಳಿಯಲು ಇದ್ದ ಅಳತೆಗೋಲು ಒಂದೇ, ಮಾಲು ಸರಿ ಬರುತ್ತಿದೆಯೋ ಇಲ್ಲವೋ ಎಂಬುದು. ಅದನ್ನು ದಿನಾ ಬೆಳಗ್ಗೆ ಏಳು ಗಂಟೆಗೆ ನಾನು ಕೆಡಿಸುತ್ತಿದ್ದೆ.

ಎರಡು ದಿನ ಬಿಟ್ಟು ಮೂವರೂ ಲೋಕಲ್ ಹಿಡಿದು ದೊಡ್ಡ ಸರ್ಕಾರಿ ಆಸ್ಪತ್ರೆಗೆ ಹೋದೆವು. ಕಣ್ಣಿಗೆ ಔಷಧದ ಹನಿ ಹಾಕಿ ಮೇಸ್ತ್ರಿಯನ್ನು ಹೊರಗಿನ ಬೆಂಚಿನ ಮೇಲೆ ಕೂರಿಸಿದರು. ಆಮೇಲೆ ಡಾಕ್ಟರು ಎಲ್ಲ ಪರೀಕ್ಷೆ ಮುಗಿಸಿ, ಅವರನ್ನು ಮತ್ತೆ ಹೊರಗೆ ಕಳಿಸಿ, ಮಗನೆಂದು ತಿಳಿದು ನನ್ನೊಬ್ಬನನ್ನೇ ಒಳಗೆ ಕರೆದರು. ಇದು ಪೊರೆಯಲ್ಲ, ಕಣ್ಣಿನೊಳಗಿನ ಒತ್ತಡ ಏರಿ ನರ ಸಾಯುವ ರೋಗ ಎಂದರು. ಹೋದ ದೃಷ್ಟಿ ಬರುವುದಿಲ್ಲ, ಉಳಿದದ್ದೂ ಬಹಳ ದಿನ ಇರುವುದಿಲ್ಲ. ಒಂದು ವರ್ಷ ಮೊದಲೇ ಕರೆತಂದಿದ್ದರೆ ಆಗ ಇದ್ದಷ್ಟನ್ನು ಉಳಿಸಲು ನೋಡಬಹುದಿತ್ತು. "ಅವರಿಗೆ ಈಗಲೇ ಹೇಳಬೇಡಿ, ಧೈರ್ಯ ಕಳೆದುಕೊಳ್ಳುತ್ತಾರೆ. ಪೊರೆ ಎಂದೇ ಹೇಳಿ" ಎಂದು ಹಿಂದಿಯಲ್ಲಿ ಸಮಾಧಾನವನ್ನೂ ಕಲಿಸಿಕೊಟ್ಟರು. ಆ ಕಾಲದ ಡಾಕ್ಟರುಗಳ ರೀತಿಯೇ ಹಾಗಿತ್ತು.

ಹೊರಗೆ ಬಂದೆ. ಮೇಸ್ತ್ರಿ ಕಣ್ಣು ಮುಚ್ಚಿ ಕೂತಿದ್ದರು. ಹೆಜ್ಜೆ ಸಪ್ಪಳಕ್ಕೆ ತಲೆಯೆತ್ತಿದರು.

"ಏನಂದ್ರು?"

ಪೊರೆ ಎನ್ನುವುದು ಎಷ್ಟು ಸುಲಭವಾಗಿತ್ತು! ನೀಲವ್ವನವರೂ ನನ್ನ ಬಾಯನ್ನೇ ನೋಡುತ್ತಿದ್ದರು. ನಾನು ಅವರ ಪಕ್ಕ ಕೂತು ಡಾಕ್ಟರು ಹೇಳಿದ್ದನ್ನು ಒಂದಕ್ಷರ ಬಿಡದೆ ಹೇಳಿದೆ. ಒಂದು ವರ್ಷದ ಮಾತನ್ನೂ ಹೇಳಿದೆ. ನೀಲವ್ವನವರು ಸೆರಗು ಬಾಯಿಗೆ ಒತ್ತಿಕೊಂಡರು.

ಮೇಸ್ತ್ರಿ ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡರು. "ಒಂದ ವರ್ಷ ಅಂದ್ರಾ?" ಎಂದು ಕೇಳಿದರು.

"ಹೌದು ಮೇಸ್ತ್ರಿ."

ನಾನು ಅವರ ಕಾಲು ಮುಟ್ಟಲು ಬಗ್ಗಿದೆ. ಅವರಿಗೆ ಅದು ಕಂಡಿತೋ ಇಲ್ಲವೋ, ಅಷ್ಟರಲ್ಲಿ ಎದ್ದು ನೀಲವ್ವನವರ ಭುಜ ಹುಡುಕಿ ಹಿಡಿದು ಬಾಗಿಲ ಕಡೆ ನಡೆದಿದ್ದರು.

ಈಗ ಕೆಲಸಕ್ಕೆ ಸೇರುವವರಿಗೆ ನಾನು ಹೇಳಬೇಕಾದದ್ದು ಇದೇ. ನಿಮ್ಮ ಮಶೀನು ಲೋಹವನ್ನು ನನಗಿಂತ ನೂರು ಪಾಲು ಚೆನ್ನಾಗಿ ಕೊರೆಯುತ್ತದೆ, ಅದರಲ್ಲಿ ನಿಮಗೆ ನನ್ನಿಂದ ಕಲಿಯುವುದೇನೂ ಇಲ್ಲ. ಪಕ್ಕದವನ ಮಾಲಿನಲ್ಲಿ ತಪ್ಪು ಕಂಡರೆ ಮುಖ ನೋಡಿ ಹೇಳಿ. ಅವನು ಬೈದರೆ ಬೈಸಿಕೊಳ್ಳಿ, ಮಾತು ಬಿಟ್ಟರೆ ಬಿಡಲಿ. ಕದ್ದು ತಿದ್ದಬೇಡಿ. ತಪ್ಪು ಅವನದ್ದು, ಅದನ್ನು ತಿಳಿಯುವ ಹಕ್ಕೂ ಅವನದ್ದೇ.

ಶೇಠ್ ಒಳ್ಳೆಯ ಮನುಷ್ಯ. ಮೇಸ್ತ್ರಿಯನ್ನು ಮನೆಗೆ ಕಳಿಸಲಿಲ್ಲ. "ಬೈಠನೇ ದೋ ಉನ್ಕೋ" ಎಂದು ಬರ್ ತೆಗೆಯುವ ಕೆಲಸ ಕೊಟ್ಟ. ಕೊರೆದ ಲೋಹದ ಅಂಚಿನಲ್ಲಿ ಕಣ್ಣಿಗೆ ಸುಲಭಕ್ಕೆ ಕಾಣದ ಗರಗಸದಂಥ ಚೂಪು ಉಳಿದಿರುತ್ತದೆ, ಅದೇ ಬರ್. ಬೆರಳಾಡಿಸಿ ಹುಡುಕಿ ಸಣ್ಣ ಅರದಿಂದ ಉಜ್ಜಿ ತೆಗೆಯಬೇಕು. ನಮ್ಮಲ್ಲಿ ಅದು ಎಲ್ಲಕ್ಕಿಂತ ಕೆಳಗಿನ ಕೆಲಸ. ಕಿಟಕಿಯ ಕೆಳಗೆ ಗೋಣಿಚೀಲ ಹಾಸಿಕೊಂಡು ಮೇಸ್ತ್ರಿ ನಾವು ಮಾಡಿದ ಮಾಲಿನ ಅಂಚುಗಳನ್ನು ಬೆರಳಿನಿಂದ ನೋಡುತ್ತ ಕೂರುತ್ತಿದ್ದರು. ಬೆರಳ ತುದಿಗಳಲ್ಲಿ ಸದಾ ಒಂದೆರಡು ಗೀರು ಇರುತ್ತಿತ್ತು. ನನ್ನ ಜತೆ ಮಾತು ಬಿಟ್ಟಿರಲಿಲ್ಲ. ಊಟ ಆತೇನು ಎಂದು ಕೇಳುತ್ತಿದ್ದರು, ಮದುವೆಯಾದ ತಂಗಿಯ ಸುದ್ದಿ ಕೇಳುತ್ತಿದ್ದರು. ಎಲ್ಲ ಮೊದಲಿನ ಹಾಗೇ ಆಯಿತೆಂದು ನಾನು ನಂಬತೊಡಗಿದ್ದೆ.

ಒಂದು ದಿನ ವಾಲ್ವಿನ ಗೈಡ್ ಎಂಬ ಸಣ್ಣ ಕೊಳವೆಯೊಂದನ್ನು ಉಜ್ಜಿ ಮುಗಿಸಿ ನನ್ನ ಕಡೆ ಚಾಚಿದರು. "ನೋಡು ತಮ್ಮಾ, ಸರಿ ಐತೇನು?"

ಬೆಳಕಿಗೆ ಹಿಡಿದು ನೋಡಿದೆ, ಒಂದು ಕಡೆ ತುಸು ಉಳಿದಿತ್ತು. "ಇಲ್ಲ ಮೇಸ್ತ್ರಿ, ಈ ಬದಿಯಲ್ಲಿ ಇನ್ನೂ ಬರ್ ಉಂಟು" ಎಂದೆ. ಅವರು ತಲೆಯಾಡಿಸಿ, ತಿರುಗಿ ತೆಗೆದುಕೊಂಡು, ಆ ಬದಿಯನ್ನು ಉಜ್ಜಿ ಮತ್ತೆ ಕೊಟ್ಟರು. ಈ ಸಲ ಸುತ್ತಲೂ ನುಣುಪಾಗಿತ್ತು. ನನಗೆ ನಿಜಕ್ಕೂ ಸಂತೋಷವಾಯಿತು.

"ಸರಿ ಉಂಟು ಮೇಸ್ತ್ರಿ, ಬಹಳ ಚಂದ ಆಗಿದೆ" ಎಂದೆ.

ಅವರು ಗೈಡನ್ನು ನನ್ನ ಕೈಯಿಂದ ತೆಗೆದುಕೊಂಡರು. ಪೆಟ್ಟಿಗೆಗೆ ಹಾಕಲಿಲ್ಲ. ಆಚೆ ಬದಿಗೆ ತಿರುಗಿ, ಗ್ರೈಂಡಿಂಗ್ ಮಶೀನಿನ ಸದ್ದು ಬರುವ ಕಡೆಗೆ ಕೈ ಚಾಚಿ, "ಪಾಂಡು, ತೂ ಬಘ್ ರೇ" ಎಂದು ಅವನಿಗೂ ನೋಡಲು ಹೇಳಿದರು. ಪಾಂಡು ಮಶೀನು ನಿಲ್ಲಿಸಿ ಬಂದು, ನನ್ನ ಮುಖ ನೋಡದೆ ಗೈಡಿನ ಅಂಚಿಗೆ ಬೆರಳಾಡಿಸಿ, "ಬರೋಬರ್ ಆಹೆ ಮೇಸ್ತ್ರಿ" ಎಂದು ಸರಿಯಿದೆಯೆಂದು ಒಪ್ಪಿದ. ಆಮೇಲೆಯೇ ಅವರು ಅದನ್ನು ಪೆಟ್ಟಿಗೆಗೆ ಹಾಕಿದರು.